ಉಬ್ರಾಣಿಯ ತೋಟದಿಂದ ಪರದೇಶದ ಪಾಠಶಾಲೆಗೆ

ಚನ್ನಗಿರಿ ಪಟ್ಟಣವನ್ನು ಬಿಟ್ಟು ದಕ್ಷಿಣದ ದಾರಿಯನ್ನು ಹಿಡಿದರೆ ಇಕ್ಕೆಲಗಳಲ್ಲಿಯೂ ಅಡಿಕೆಯ ತೋಟಗಳು ಎದುರಾಗುತ್ತವೆ. ನಡುನಡುವೆ ಕುರುಚಲು ಕಾಡಿನ ಗುಡ್ಡಗಳು, ಮಳೆಗಾಲ ಚೆನ್ನಾಗಿ ಆದ ವರ್ಷ ತುಂಬಿ ನಿಲ್ಲುವ ಕೆರೆಗಳು. ಇವುಗಳನ್ನು ದಾಟಿ ಹೋದರೆ ಉಬ್ರಾಣಿ. ಇದು ಹೋಬಳಿಯ ಕೇಂದ್ರ. ಕೆಳದಿಯ ಚೆನ್ನಮ್ಮಾಜಿಯ ಹೆಸರಿನಿಂದಲೇ ಚನ್ನಗಿರಿಗೆ ಆ ಹೆಸರು ಬಂದಿತೆಂಬುದು ಈ ಸೀಮೆಯ ಪ್ರತೀತಿ. ೧೯೯೭ರ ಆಗಸ್ಟ್ ೧೫ರಂದು ದಾವಣಗೆರೆ ಜಿಲ್ಲೆ ಉದಯವಾಗುವವರೆಗೆ ಚನ್ನಗಿರಿಯೂ ಹೊನ್ನಾಳಿಯೂ ಶಿವಮೊಗ್ಗೆಗೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ಚನ್ನಗಿರಿ ತಾಲ್ಲೂಕಿನ ಹೆಸರನ್ನೆತ್ತಿದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಶಾಂತಿಸಾಗರ, ಆ ಬಳಿಕ ಸಂತೇಬೆನ್ನೂರಿನ ಪುಷ್ಕರಿಣಿ. ಉಬ್ರಾಣಿಯಲ್ಲಿ ಅಂತಹ ಪ್ರೇಕ್ಷಣೀಯ ಸ್ಥಳವಿಲ್ಲ. ಆದರೂ ಕಳೆದ ಕಾರ್ತಿಕ ಮಾಸದಲ್ಲಿ ವಚನ ಚಿಂತನದ ನಿಮಿತ್ತ ಅಲ್ಲಿ ಎರಡು ದಿನ ತಂಗಿದ್ದ ನಮಗೆ, ಈ ಊರನ್ನು ಕುರಿತು ನಮ್ಮ ಸದ್ಭಕ್ತ ಕುಟುಂಬಗಳಿಗೆ ಬರೆಯಬೇಕೆಂಬ ಇಚ್ಛೆ ಉಂಟಾಯಿತು. ಅದಕ್ಕೆ ಕಾರಣ ಅಲ್ಲಿನ ಮನೆಗಳಲ್ಲಿ ನಾವು ಕೇಳಿದ ಮಾತುಕತೆ.

ಅದು ಅಡಿಕೆಯ ಕೊಯ್ಲಿನ ಕಾಲ. ಅಂಗಳಗಳಲ್ಲಿ ಸುಲಿದ ಕಾಯಿ ರಾಶಿಯಾಗಿ ಬಿದ್ದಿತ್ತು. ಹಂಡೆಗಳಲ್ಲಿ ಅಡಿಕೆ ಬೇಯುತ್ತಿತ್ತು. ಚೊಗರಿನ ಒಗರು ವಾಸನೆ ಬೀದಿಯ ತುಂಬ ಹರಡಿತ್ತು. ಬೇಯಿಸಿ ಬಣ್ಣ ಕಟ್ಟಿದ ಅಡಿಕೆಯನ್ನು ಹರವಿ ಒಣಗಿಸುತ್ತಿದ್ದರು. ಹಿಂದೆ ಇಂತಹ ಅಂಗಳಗಳಲ್ಲಿ ಕುಳಿತರೆ ಧಾರಣೆ, ಮಳೆ, ಕೊಳವೆ ಬಾವಿಯ ನೀರು, ಕೊಳೆ ರೋಗ ಇವೇ ಮಾತಿನ ವಿಷಯಗಳಾಗಿದ್ದವು. ಈಗಲೂ ಅವು ಇವೆ. ಆದರೆ ಅವುಗಳ ಜೊತೆಗೆ ಯೂರೋ, ಪೌಂಡು, ಡಾಲರುಗಳ ಧಾರಣೆಯೂ ಸೇರಿಕೊಂಡಿದೆ. ನಾವು ತಂಗಿದ್ದ ಮನೆಯ ಮಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಜರ್ಮನಿಯ ಪೂರ್ವ ಭಾಗದ ಒಂದು ಪಟ್ಟಣದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದಾನೆ. ಪಕ್ಕದ ಮನೆಯ ಮಗಳು ಇಂಗ್ಲೆಂಡಿನಲ್ಲಿದ್ದಾಳೆ.

ಮನೆಯ ಯಜಮಾನರು ನಮ್ಮೊಡನೆ ಲೆಕ್ಕವನ್ನು ಮುಚ್ಚಿಡಲಿಲ್ಲ. ಜರ್ಮನಿಯಲ್ಲಿ ಬಹುಪಾಲು ಸರ್ಕಾರಿ ವಿಶ್ವವಿದ್ಯಾನಿಲಯಗಳು ಬೋಧನಾ ಶುಲ್ಕವನ್ನು ವಿಧಿಸುವುದಿಲ್ಲ. ಬಾಡೆನ್-ವುರ್ಟೆಂಬರ್ಗ್ ಪ್ರಾಂತದಂತಹ ಕೆಲವೆಡೆ ಮಾತ್ರ ಪರದೇಶದವರಿಂದ ಸೆಮಿಸ್ಟರಿಗೆ ೧೫೦೦ ಯೂರೋ ಪಡೆಯುತ್ತಾರೆ. ಶುಲ್ಕವಿಲ್ಲ ಎಂಬ ಮಾತನ್ನು ಕೇಳಿ ಖರ್ಚೇ ಇಲ್ಲವೆಂದು ಭಾವಿಸುವವರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ವೀಸಾ ಪಡೆಯಬೇಕಾದರೆ ವಿದ್ಯಾರ್ಥಿಯು ಒಂದು ವರ್ಷದ ಜೀವನ ವೆಚ್ಚವನ್ನು ಮುಂಗಡವಾಗಿ ಒಂದು ವಿಶೇಷ ಖಾತೆಯಲ್ಲಿ ಇರಿಸಿ ತೋರಿಸಬೇಕು. ೨೦೨೪ರ ಸೆಪ್ಟೆಂಬರಿನಿಂದ ಅದಕ್ಕೆ ೧೧,೯೦೪ ಯೂರೋಗಳನ್ನು ನಿಗದಿ ಮಾಡಿದರು. ಹಣ ವಿದ್ಯಾರ್ಥಿಯದೇ ಆದರೂ ಒಮ್ಮೆಗೇ ಕೈಗೆ ಬರುವುದಿಲ್ಲ. ತಿಂಗಳಿಗೆ ೯೯೨ ಯೂರೋ ಮಾತ್ರ ಬಿಡುಗಡೆಯಾಗುತ್ತದೆ.

“ಯೂರೋಗೆ ನೂರು ರೂಪಾಯಿ ಹಿಡೀರಿ ಗುರುಗಳೇ, ಹತ್ರ ಹತ್ರ ಹನ್ನೆರಡು ಲಕ್ಷ. ಕ್ವಿಂಟಾಲಿಗೆ ನಲವತ್ತೆಂಟು ಸಾವಿರದಂಗೆ ಮಾರಿದ್ರೂ ಇಪ್ಪತ್ತೈದು ಕ್ವಿಂಟಾಲ್ ಅಡಿಕೆ ಆತು” ಎಂದರು ಯಜಮಾನರು. ಎಕರೆಗೆ ಹತ್ತು ಕ್ವಿಂಟಾಲ್ ಒಣ ಅಡಿಕೆ ಬಂದಿತೆಂದು ಇಟ್ಟುಕೊಂಡರೂ ಎರಡೂವರೆ ಎಕರೆಯ ಇಡೀ ವರ್ಷದ ಫಸಲು ಆ ಖಾತೆಯೊಳಗೆ ಹೋಗಿ ಕುಳಿತಂತಾಯಿತು. ಅದರಲ್ಲಿ ಗೊಬ್ಬರ, ಕೊಯ್ಲು, ಸುಲಿತ, ಆಳುಗಳ ಕೂಲಿ ಇನ್ನೂ ಕಳೆದಿಲ್ಲ. ಅವರ ತೋಟ ಇರುವುದೇ ನಾಲ್ಕು ಎಕರೆ. ಮಿಕ್ಕುದಕ್ಕೆ ಬ್ಯಾಂಕಿನ ಸಾಲವಿದೆ. ಮುಂದಿನ ವರ್ಷದ ಫಸಲನ್ನು ಚೇಣಿಗೆ ಕೊಡುವ ಮಾತೂ ನಡೆದಿದೆ. ಧಾರಣೆ ಬಿದ್ದರೆ, ಎಲೆಚುಕ್ಕಿ ರೋಗ ತೋಟಕ್ಕೆ ಬಂದರೆ, ಬಾವಿ ಬತ್ತಿದರೆ ಏನು ಗತಿ ಎಂಬ ಪ್ರಶ್ನೆಯನ್ನು ಅವರು ಬಾಯಿಬಿಟ್ಟು ಆಡದಿದ್ದರೂ ನಮಗೆ ಅದು ಕೇಳಿಸಿತು.

ಪರದೇಶದ ವಿದ್ಯೆ ನಮ್ಮ ಸಮಾಜಕ್ಕೆ ಹೊಸತೇನೂ ಅಲ್ಲ. ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಮಮದಾಪುರದ ಡಿ. ಸಿ. ಪಾವಟೆಯವರು ೧೯೨೦ರ ದಶಕದಲ್ಲಿ ಕೇಂಬ್ರಿಜ್ಜಿಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಎಂಬ ಗೌರವವನ್ನು ಪಡೆದರು. ೧೯೫೪ರಿಂದ ೧೯೬೭ರವರೆಗೆ ಕರ್ನಾಟಕ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಅದನ್ನು ಕಟ್ಟಿ ಬೆಳೆಸಿದರು. ಡಾ. ಎಸ್. ಸಿ. ನಂದೀಮಠರು ಲಂಡನ್ನಿನಲ್ಲಿ ವೀರಶೈವವನ್ನು ಕುರಿತು ಸಂಶೋಧನೆ ನಡೆಸಿದರು, ಆ ಗ್ರಂಥ ೧೯೪೨ರಲ್ಲಿ ಧಾರವಾಡದಲ್ಲಿ ಪ್ರಕಟವಾಯಿತು. ಸಿರಿಗೆರೆಯ ತರಳಬಾಳು ಪೀಠದ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು ಕಾಶಿಯಲ್ಲಿ ಸಂಸ್ಕೃತ ವ್ಯಾಸಂಗವನ್ನು ಪೂರೈಸಿ, ೧೯೭೯ರಲ್ಲಿ ಪೀಠವನ್ನೇರುವ ಮೊದಲು ಆಸ್ಟ್ರಿಯಾದ ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ಉನ್ನತ ಸಂಶೋಧನೆ ಮಾಡಿದವರು. ಸಂಸ್ಕೃತದ ವ್ಯಾಕರಣವನ್ನು ಗಣಕಯಂತ್ರಕ್ಕೆ ಅಳವಡಿಸಿದ ಅವರ ‘ಗಣಕಾಷ್ಟಾಧ್ಯಾಯಿ’ಯನ್ನು ವಿದ್ವಾಂಸರು ಬಲ್ಲರು.

ಆ ಕಾಲದಲ್ಲಿ ಪರದೇಶಕ್ಕೆ ಹೋಗುವವರು ಬೆರಳೆಣಿಕೆಯಷ್ಟು ಜನ. ಮುಂಬಯಿಯಲ್ಲಿ ಹಡಗು ಹತ್ತಿದರೆ ವಿಲಾಯಿತಿ ಮುಟ್ಟಲು ವಾರಗಳೇ ಬೇಕಾಗುತ್ತಿತ್ತು. ಬರೆದ ಕಾಗದಕ್ಕೆ ಉತ್ತರ ಬರಲು ತಿಂಗಳು ಮೀರುತ್ತಿತ್ತು. ಆದರೆ ಸಮಾಜ ಬೆನ್ನಿಗಿತ್ತು. ೧೯೦೬ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಹುಟ್ಟಿತು. ಸಿರಿಗೆರೆ, ಸಿದ್ಧಗಂಗೆ, ಧಾರವಾಡದ ಮುರುಘಾಮಠ ಮೊದಲಾದೆಡೆಗಳಲ್ಲಿ ಪ್ರಸಾದ ನಿಲಯಗಳು ಸಾವಿರಾರು ಬಡ ಮಕ್ಕಳಿಗೆ ಅನ್ನ ಅಕ್ಷರಗಳನ್ನು ನೀಡಿದವು. ಇಂದು ಹೋಗುವವರ ಸಂಖ್ಯೆ ದೊಡ್ಡದು, ಬೆನ್ನಿಗಿರುವುದು ಬಹುಮಟ್ಟಿಗೆ ಮನೆಯ ತೋಟ ಮತ್ತು ಬ್ಯಾಂಕಿನ ಸಾಲ. ಈ ವ್ಯತ್ಯಾಸವನ್ನು ನಾವು ಮರೆಯಬಾರದು.

ಮರುದಿನ ಸಾಯಂಕಾಲ ಆ ಮಗನೊಡನೆ ಮೊಬೈಲಿನ ತೆರೆಯ ಮೇಲೆಯೇ ನಾವೂ ಮಾತನಾಡಿದೆವು. ನಮಗೆ ಸಂಜೆ ಏಳಾದರೆ ಅವನಿಗೆ ಚಳಿಗಾಲದಲ್ಲಿ ಮಧ್ಯಾಹ್ನ ಎರಡೂವರೆ. ಅವನು ಹೇಳಿದ ಸಂಗತಿಗಳು ಹೊರಟು ನಿಂತಿರುವ ಇತರ ಮಕ್ಕಳಿಗೂ ಉಪಯುಕ್ತವಾದುದರಿಂದ ಇಲ್ಲಿ ವಿವರವಾಗಿ ಕೊಡುತ್ತೇವೆ.

ಮೊದಲ ಎರಡು ತಿಂಗಳು ಅವನು ಪ್ರತಿಯೊಂದು ವಸ್ತುವಿನ ಬೆಲೆಯನ್ನೂ ನೂರರಿಂದ ಗುಣಿಸಿದನಂತೆ. ಒಂದು ಲೋಟ ಕಾಫಿಗೆ ಮೂರು ಯೂರೋ ಎಂದರೆ ಮುನ್ನೂರು ರೂಪಾಯಿ! ಮುನ್ನೂರು ರೂಪಾಯಿಗೆ ನಮ್ಮಲ್ಲಿ ಮನೆಮಂದಿಯೆಲ್ಲ ಉಪಾಹಾರ ಮಾಡಬಹುದಲ್ಲವೇ ಎಂದು ಹಿಂದೆಗೆಯುತ್ತಿದ್ದ. ಹೀಗೆ ಗುಣಿಸುತ್ತಾ ಗುಣಿಸುತ್ತಾ ಮಧ್ಯಾಹ್ನದ ಊಟವನ್ನೇ ಬಿಟ್ಟ. ತೂಕ ಇಳಿಯಿತು, ತರಗತಿಯಲ್ಲಿ ತೂಕಡಿಕೆ ಬಂದಿತು. ಕೊನೆಗೆ ಹಿರಿಯ ವಿದ್ಯಾರ್ಥಿಯೊಬ್ಬನು ಗುಣಿಸುವುದನ್ನು ಬಿಟ್ಟು ಭಾಗಿಸುವುದನ್ನು ಕಲಿಸಿದ. ಎಂದರೆ, ತಿಂಗಳಿಗೆ ಬರುವ ಮೊತ್ತವನ್ನು ಮೊದಲು ವಿಭಾಗಿಸಿಡುವುದು. ಅವನ ಲೆಕ್ಕ ಹೀಗಿದೆ: ವಿದ್ಯಾರ್ಥಿ ನಿಲಯದ ಕೋಣೆಗೆ ೩೨೦ ಯೂರೋ, ಕಡ್ಡಾಯವಾದ ಆರೋಗ್ಯ ವಿಮೆಗೆ ೧೪೫, ಊಟ ತಿಂಡಿಗೆ ೧೮೦, ದೂರವಾಣಿಗೆ ೧೫, ಸೆಮಿಸ್ಟರ್ ವಂತಿಗೆಯ ತಿಂಗಳ ಪಾಲು ೪೫. ಒಟ್ಟು ೭೦೫. ಉಳಿದ ೨೮೭ ಯೂರೋಗಳಲ್ಲಿ ಬಟ್ಟೆಬರೆ, ಪುಸ್ತಕ, ಪ್ರಯಾಣ ಮತ್ತು ಆಪತ್ತಿನ ನಿಧಿ. ಮ್ಯೂನಿಕ್ಕಿನಂತಹ ದೊಡ್ಡ ನಗರದಲ್ಲಾದರೆ ಕೋಣೆಯ ಬಾಡಿಗೆಯೇ ಇದರ ಎರಡರಷ್ಟಾಗಬಹುದು. ಆದುದರಿಂದ ವಿಶ್ವವಿದ್ಯಾನಿಲಯದ ಹೆಸರಿನ ಜೊತೆಗೆ ಊರಿನ ಬಾಡಿಗೆಯನ್ನೂ ವಿಚಾರಿಸಿ ಆರಿಸಿಕೊಳ್ಳುವುದು ಜಾಣತನ.

ಬಾಡಿಗೆಯಲ್ಲಿಯೂ ಅಲ್ಲಿ ಎರಡು ವಿಧ. ‘ತಣ್ಣನೆಯ ಬಾಡಿಗೆ’ ಎಂದರೆ ಬರಿಯ ಕೋಣೆಯದು. ‘ಬೆಚ್ಚನೆಯ ಬಾಡಿಗೆ’ ಎಂದರೆ ನೀರು, ಕೋಣೆ ಕಾಯಿಸುವ ವೆಚ್ಚ ಮುಂತಾದವು ಸೇರಿದ್ದು. ಮೊದಲನೆಯದನ್ನು ನೋಡಿ ಅಗ್ಗವೆಂದು ಒಪ್ಪಿಕೊಂಡವರು ಚಳಿಗಾಲದಲ್ಲಿ ಬಿಸಿ ಮುಟ್ಟಿಸಿಕೊಳ್ಳುತ್ತಾರೆ. ಖಾಸಗಿ ಮನೆಯಾದರೆ ಮೂರು ತಿಂಗಳ ತಣ್ಣನೆಯ ಬಾಡಿಗೆಯಷ್ಟು ಮುಂಗಡವನ್ನು ಕೇಳಲು ಅವಕಾಶವಿದೆ. ಮನೆಗೆ ಬಂದ ಎರಡು ವಾರಗಳೊಳಗೆ ಪುರಸಭೆಯ ಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸಬೇಕು. ಮನೆಯಲ್ಲಿ ರೇಡಿಯೋ ದೂರದರ್ಶನಗಳು ಇರಲಿ ಇಲ್ಲದಿರಲಿ ಮನೆಯೊಂದಕ್ಕೆ ತಿಂಗಳಿಗೆ ೧೮.೩೬ ಯೂರೋ ಪ್ರಸಾರ ಶುಲ್ಕ ತೆರಬೇಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಸಾಮಾನು ತಾರದವನು ಭಾನುವಾರ ಉಪವಾಸವಿರಬೇಕಾದೀತು. ನೀರಿನ ಬಾಟಲಿಯ ಮೇಲೆ ೨೫ ಸೆಂಟು ಠೇವಣಿ ಹಿಡಿಯುತ್ತಾರೆ, ಖಾಲಿ ಬಾಟಲಿಯನ್ನು ಮರಳಿಸಿದರೆ ಹಣ ಹಿಂದೆ ಬರುತ್ತದೆ. “ಇಪ್ಪತ್ತೈದು ಸೆಂಟು ಅಂದರೆ ಇಪ್ಪತ್ತೈದು ರೂಪಾಯಿ ಗುರುಗಳೇ, ನಾನು ಒಂದನ್ನೂ ಎಸೆಯೋದಿಲ್ಲ” ಎಂದು ಆತನು ನಕ್ಕ. ಗುಣಾಕಾರ ಪೂರ್ತಿ ಬಿಟ್ಟಿಲ್ಲವೆಂದು ನಾವೂ ನಕ್ಕೆವು.

ತಾಯಿಯ ಚಿಂತೆಯೆಲ್ಲ ಊಟದ್ದು. ಸಸ್ಯಾಹಾರಿಯಾದ ಮಗ ಏನು ತಿನ್ನುತ್ತಾನೋ ಎಂದು ಹೊರಡುವಾಗ ಡಬ್ಬಿ ತುಂಬ ತುಪ್ಪ, ಪೇಡೆ ಕಟ್ಟಿಕೊಟ್ಟಿದ್ದರಂತೆ. ಐರೋಪ್ಯ ಒಕ್ಕೂಟದ ದೇಶಗಳಿಗೆ ಹೊರಗಿನ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಅವು ತಿಪ್ಪೆಯ ಪಾಲಾದವು. ಚಟ್ನಿಪುಡಿ, ಸಾರಿನ ಪುಡಿಗಳು ಮಾತ್ರ ಉಳಿದವು. ಹೊರಡುವ ಮಕ್ಕಳ ತಾಯಂದಿರು ಇದನ್ನು ಗಮನದಲ್ಲಿಡಬೇಕು. ಅಲ್ಲಿ ಅಕ್ಕಿ, ಬೇಳೆ, ಆಲೂಗಡ್ಡೆ, ಕೋಸು, ಹಾಲು, ಮೊಸರುಗಳು ಅಗ್ಗದ ಅಂಗಡಿಗಳಲ್ಲಿ ದೊರೆಯುತ್ತವೆ. ವಿದ್ಯಾರ್ಥಿಗಳ ಭೋಜನಶಾಲೆಯಲ್ಲಿ ರಿಯಾಯಿತಿ ದರದ ಸಸ್ಯಾಹಾರವೂ ಇರುತ್ತದೆ. ಆದರೆ ಅಡುಗೆ ಬಾರದವನು ಎಲ್ಲಿ ಹೋದರೂ ಬಡವನೇ. ಗಂಡುಮಕ್ಕಳಿಗೆ ಅನ್ನ ಸಾರು ಮಾಡಲು, ರೊಟ್ಟಿ ಬಡಿಯಲು ಕಲಿಸದೆ ಕಳುಹಿಸುವುದು ಈಜು ಬಾರದವನನ್ನು ಶಾಂತಿಸಾಗರಕ್ಕೆ ಇಳಿಸಿದಂತೆ. ಮಠದ ಪ್ರಸಾದ ನಿಲಯದಲ್ಲಿ ಬೆಳೆದ ನಾವು ಎಂಟನೆಯ ವಯಸ್ಸಿಗೇ ನಮ್ಮ ತಟ್ಟೆಯನ್ನು ನಾವೇ ತೊಳೆದೆವು, ನಮ್ಮ ಬಟ್ಟೆಯನ್ನು ನಾವೇ ಒಗೆದೆವು, ಸರದಿಯ ಮೇಲೆ ಅಂಗಳ ಗುಡಿಸಿದೆವು. ಅಂದು ಅದು ಬಡತನದ ಅನಿವಾರ್ಯವೆಂದು ತೋರುತ್ತಿತ್ತು. ಇಂದು ನೋಡಿದರೆ ಪರದೇಶಕ್ಕೆ ಹೋಗುವ ಮಗುವಿಗೆ ಅದಕ್ಕಿಂತ ಒಳ್ಳೆಯ ಸಿದ್ಧತೆ ಬೇರೊಂದಿಲ್ಲ.

ಪೂಜೆಯ ವಿಷಯವನ್ನೂ ಆತನು ಸಂಕೋಚದಿಂದ ಪ್ರಸ್ತಾಪಿಸಿದ. ಮೊದಲ ದಿನ ಊದುಬತ್ತಿ ಹಚ್ಚಿದೊಡನೆ ಹೊಗೆಯನ್ನು ಪತ್ತೆಹಚ್ಚುವ ಯಂತ್ರ ಕೂಗಿಕೊಂಡು ಇಡೀ ನಿಲಯವೇ ಎದ್ದು ಬಂದಿತಂತೆ. ಇಷ್ಟಲಿಂಗದ ಪೂಜೆಗೆ ಹೊಗೆಯೂ ಬೇಡ, ಗದ್ದಲವೂ ಬೇಡ. ಅಂಗೈಯೇ ಪೀಠವಾದವನಿಗೆ ಹತ್ತು ಅಡಿಯ ಕೋಣೆಯೂ ಸಾಲುತ್ತದೆ ಎಂದು ನಾವು ಹೇಳಿದೆವು. ಅವನಿಗೆ ಸಮಾಧಾನವಾಯಿತು. ಡಿಸೆಂಬರಿನಲ್ಲಿ ಅಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವ ದಿನಗಳಲ್ಲಿ ಮನಸ್ಸು ಕುಗ್ಗುತ್ತದೆ. ಅಂತಹ ದಿನಗಳಲ್ಲಿ ಬೆಳಗಿನ ಹತ್ತು ನಿಮಿಷದ ಏಕಾಗ್ರತೆಯೇ ತನ್ನನ್ನು ನಿಲ್ಲಿಸಿತೆಂದು ಆತನು ಹೇಳಿದಾಗ ನಮ್ಮ ಕಣ್ಣು ತೇವವಾಯಿತು.

ಪಕ್ಕದ ಮನೆಯ ಮಗಳ ಕಥೆ ಬೇರೆ. ಇಂಗ್ಲೆಂಡಿನಲ್ಲಿ ಸ್ನಾತಕೋತ್ತರ ಪದವಿ ಒಂದೇ ವರ್ಷದ್ದಾದರೂ ಬೋಧನಾ ಶುಲ್ಕವೇ ಹಲವು ಲಕ್ಷ. ೨೦೨೫ರ ಜನವರಿಯಲ್ಲಿ ಜಾರಿಗೆ ಬಂದ ನಿಯಮದಂತೆ ಲಂಡನ್ನಿನಲ್ಲಿ ಓದುವವರು ತಿಂಗಳಿಗೆ ೧೪೮೩ ಪೌಂಡಿನ ಲೆಕ್ಕದಲ್ಲಿ ಒಂಬತ್ತು ತಿಂಗಳ ಜೀವನ ವೆಚ್ಚವನ್ನು ತೋರಿಸಬೇಕಾಗಿತ್ತು. ಆರೋಗ್ಯ ಸೇವೆಗೆಂದು ವರ್ಷಕ್ಕೆ ೭೭೬ ಪೌಂಡು ಪ್ರತ್ಯೇಕ. ಈ ಮೊತ್ತಗಳು ಆಗಾಗ ಏರುತ್ತವೆ. ಹೊರಡುವ ವರ್ಷದ ಅಂಕಿಗಳನ್ನು ಆಯಾ ಸರ್ಕಾರದ ಪ್ರಕಟಣೆಯಿಂದಲೇ ತಿಳಿಯಬೇಕಲ್ಲದೆ ಮಧ್ಯವರ್ತಿಗಳ ಬಾಯಿಮಾತನ್ನು ನಂಬಬಾರದು. ಆ ಮಗಳು ಸಂಬಂಧವಿಲ್ಲದ ಊರಿನಲ್ಲಿ ಒಬ್ಬಳೇ ಇದ್ದಾಳೆಂದು ಅಜ್ಜಿಗೆ ಕಳವಳ. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ ೨೦೧೫ರ ನವೆಂಬರ್ ೧೪ರಂದು ಅನಾವರಣಗೊಂಡ ಬಸವೇಶ್ವರರ ಪುತ್ಥಳಿಯ ಮುಂದೆ ನಿಂತು ತೆಗೆಸಿಕೊಂಡ ಚಿತ್ರವನ್ನು ಮೊಮ್ಮಗಳು ಕಳುಹಿಸಿದ ಮೇಲೆ ಅಜ್ಜಿ, “ಅಲ್ಲೂ ಅಪ್ಪ ಬಸವಣ್ಣ ಅದಾನೆ ಬಿಡ್ರಿ” ಎಂದು ಒಂದಿಷ್ಟು ನೆಮ್ಮದಿಯಾದರಂತೆ.

ಈ ಎರಡೂ ಮನೆಗಳಲ್ಲಿ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಹಣವಲ್ಲ, ಮೌನ. ಚೇಣಿಯ ಮಾತನ್ನು ಮಗನಿಗೆ ತಿಳಿಸಬಾರದೆಂದು ಯಜಮಾನರು ನಮಗೆ ಕೈಮುಗಿದು ಹೇಳಿದ್ದರು. ಮಧ್ಯಾಹ್ನದ ಊಟ ಬಿಟ್ಟಿದ್ದುದನ್ನು ಅಪ್ಪ ಅವ್ವನಿಗೆ ಹೇಳಬೇಡಿರೆಂದು ಮಗ, ತಾಯಿ ಒಳಗೆ ಹೋದ ಹೊತ್ತಿನಲ್ಲಿ, ದನಿ ತಗ್ಗಿಸಿ ಕೇಳಿಕೊಂಡ. ತಂದೆ ಸಾಲವನ್ನು ಮುಚ್ಚಿಡುತ್ತಾನೆ, ಮಗ ಹಸಿವನ್ನು ಮುಚ್ಚಿಡುತ್ತಾನೆ. ಎರಡೂ ಪ್ರೀತಿಯಿಂದಲೇ ಹುಟ್ಟಿದವು, ಆದರೂ ಎರಡೂ ಸುಳ್ಳೇ. ಸಾಲದ ಅಳತೆ ತಿಳಿಯದ ಮಗ ಸ್ನೇಹಿತರೊಡನೆ ಪ್ರವಾಸ ಹೋಗಬಹುದು, ಇಲ್ಲವೇ ಏನೂ ತಿಳಿಯದ ಭಯದಿಂದ ಊಟವನ್ನೇ ಬಿಡಬಹುದು. ಮಗನ ಕಷ್ಟ ತಿಳಿಯದ ತಂದೆ ಊರಿನಲ್ಲಿ ಬಡಾಯಿ ಕೊಚ್ಚಬಹುದು, ಇಲ್ಲವೇ ಇನ್ನೊಂದು ಸಾಲಕ್ಕೆ ಸಹಿ ಹಾಕಬಹುದು. ಇಬ್ಬರ ಅನುಮತಿಯನ್ನೂ ಪಡೆದು, ಆ ರಾತ್ರಿಯೇ ಮತ್ತೊಮ್ಮೆ ಕರೆ ಮಾಡಿಸಿ, ಎರಡೂ ಕಡೆಯ ಲೆಕ್ಕವನ್ನು ಬಿಚ್ಚಿ ಓದುವಂತೆ ಮಾಡಿದೆವು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಮಗನೇ, “ಅಪ್ಪಾಜಿ, ತೋಟ ಚೇಣಿಗೆ ಕೊಡಬೇಡಿ. ವಾರಕ್ಕೆ ಎರಡು ದಿನ ಕೆಲಸ ಮಾಡ್ತೀನಿ” ಎಂದ.

ಆ ಕೆಲಸ ಯಾವುದೆಂದು ತಾಯಿ ಕೇಳಿದರು. ಒಂದು ಉಪಾಹಾರ ಗೃಹದಲ್ಲಿ ಪಾತ್ರೆ ತೊಳೆಯುವುದು. ಗೌಡರ ಮನೆಯ ಮಗ ಮುಸುರೆ ತಿಕ್ಕುವುದೇ ಎಂದು ಅವರ ಮುಖ ಬಾಡಿತು. ಆಗ ನಾವು ಹೇಳಬೇಕಾದುದು ಇದ್ದೇ ಇತ್ತು. ಅಂಬಿಗ, ಮಡಿವಾಳ, ಸಮಗಾರ, ಸೂಳೆಸಂಕವ್ವೆಯರೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತ ಅನುಭವ ಮಂಟಪದ ವಾರಸುದಾರರು ನಾವು. ಕಾಯಕದಲ್ಲಿ ಮೇಲು ಕೀಳೆಂಬುದನ್ನು ವೇದಿಕೆಯ ಮೇಲೆ ಅಲ್ಲಗಳೆದು, ನಮ್ಮ ಮಗ ಪಾತ್ರೆ ತೊಳೆಯುವಾಗ ನಾಚಿದರೆ ಅದು ಸಲ್ಲದು. ಜರ್ಮನಿಯ ಕಾನೂನಿನಂತೆ ೨೦೨೪ರ ಮಾರ್ಚಿನಿಂದ ಪರದೇಶದ ವಿದ್ಯಾರ್ಥಿಯು ವರ್ಷಕ್ಕೆ ೧೪೦ ಪೂರ್ಣ ದಿನ ಅಥವಾ ೨೮೦ ಅರ್ಧ ದಿನ ದುಡಿಯಬಹುದು. ೨೦೨೫ರಲ್ಲಿ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ ೧೨.೮೨ ಯೂರೋ ಇತ್ತು. ಇಂಗ್ಲೆಂಡಿನಲ್ಲಿ ಪದವಿ ವಿದ್ಯಾರ್ಥಿಗೆ ಪಾಠದ ದಿನಗಳಲ್ಲಿ ವಾರಕ್ಕೆ ೨೦ ಗಂಟೆಯ ಮಿತಿಯಿದೆ. ಈ ಮಿತಿಯನ್ನು ಮೀರಿದರೆ ವೀಸಾಕ್ಕೇ ಸಂಚಕಾರ.

ಮಿತಿಯ ಮಾತು ಬಂದಾಗ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಪ್ರಸಂಗವನ್ನು ನೆನೆದೆವು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಲಕ್ಕಮ್ಮನು ಕಳುಹಿಸಿದಳು. ದುಡಿಮೆ ವಿದ್ಯೆಗಾಗಿ ಇರಬೇಕು. ಗಂಟೆಗೆ ಇಷ್ಟು ಸಿಗುತ್ತದೆಂದು ಪಾಠ ತಪ್ಪಿಸಿ ದುಡಿದರೆ, ಎರಡು ವರ್ಷದ ಓದು ನಾಲ್ಕು ವರ್ಷಕ್ಕೆ ಎಳೆದು, ಗಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚಾಗುತ್ತದೆ.

ಇನ್ನೊಂದು ನೋವಿನ ಸಂಗತಿಯನ್ನೂ ಇಲ್ಲಿ ಸ್ಮರಿಸಲೇಬೇಕು. ರಾಣೇಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬನು ಉಕ್ರೇನಿನ ಖಾರ್ಕೀವ್ ನಗರದಲ್ಲಿ ೨೦೨೨ರ ಮಾರ್ಚ್ ೧ರಂದು ಆಹಾರ ಸಾಮಗ್ರಿ ತರಲು ಹೊರಬಂದಾಗ ಯುದ್ಧದ ದಾಳಿಗೆ ಬಲಿಯಾದ. ಅದೇ ತಿಂಗಳ ೨೧ರಂದು ಪಾರ್ಥಿವ ಶರೀರ ಊರಿಗೆ ಬಂದಾಗ, ಮನೆಯವರು ಪೂಜೆ ಸಲ್ಲಿಸಿ ದಾವಣಗೆರೆಯ ವೈದ್ಯಕೀಯ ಮಹಾವಿದ್ಯಾಲಯಕ್ಕೆ ಅದನ್ನು ದಾನವಾಗಿ ನೀಡಿದರು. ಮಗ ವೈದ್ಯನಾಗಲಿಲ್ಲ, ವೈದ್ಯರಾಗುವ ಇತರರಿಗಾದರೂ ಅವನ ದೇಹ ಪಾಠವಾಗಲೆಂಬ ಆ ತಂದೆತಾಯಿಗಳ ದಾಸೋಹಕ್ಕೆ ನಾವು ತಲೆಬಾಗುತ್ತೇವೆ. ಶುಲ್ಕ ಕಡಿಮೆಯೆಂಬ ಒಂದೇ ಕಾರಣಕ್ಕೆ ದೇಶವನ್ನು ಆರಿಸದೆ, ಅಲ್ಲಿನ ಪರಿಸ್ಥಿತಿಯನ್ನು ತಿಳಿದು, ಹೋದೊಡನೆ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸುವುದನ್ನು ಯಾರೂ ಅಲಕ್ಷಿಸಬಾರದು.

ತಂದೆತಾಯಿಗಳಲ್ಲಿ ನಮ್ಮ ಅರಿಕೆ ಇಷ್ಟೇ. ತೋಟವನ್ನು ಮಾರಿ ಕಳುಹಿಸಬೇಡಿ. ಫಸಲು ಎಷ್ಟು ತಾಳಬಲ್ಲುದೋ ಅಷ್ಟಕ್ಕೇ ಸಾಲ ಮಾಡಿ, ಧಾರಣೆ ಇಳಿದ ವರ್ಷವನ್ನೂ ಲೆಕ್ಕದಲ್ಲಿಡಿ. ಬ್ಯಾಂಕುಗಳ ಶಿಕ್ಷಣ ಸಾಲವನ್ನೂ, ರಾಜ್ಯ ಸರ್ಕಾರವು ೨೦೨೦ರಲ್ಲಿ ಸ್ಥಾಪಿಸಿದ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದ ನೆರವನ್ನೂ ಮೊದಲು ವಿಚಾರಿಸಿ. ಕೈಸಾಲದ ಬಾಗಿಲಿಗೆ ಹೋಗಬೇಡಿ. ತಿಂಗಳಿಗೊಮ್ಮೆ ಮನೆಯ ಲೆಕ್ಕವನ್ನು ಮಕ್ಕಳಿಗೆ ಹೇಳಿ, ಅವರ ಲೆಕ್ಕವನ್ನು ಕೇಳಿ. ಪರೀಕ್ಷೆಯಲ್ಲಿ ಎಷ್ಟು ಬಂತೆಂದು ಕೇಳುವ ಮೊದಲು ಊಟವಾಯಿತೇ ಎಂದು ಕೇಳಿ.

ಮಕ್ಕಳಿಗೂ ಒಂದು ಮಾತು. ಅಡಿಕೆಯ ಸಸಿ ನೆಟ್ಟವನು ಫಲ ಕಾಣಲು ಐದಾರು ವರ್ಷ ಕಾಯುತ್ತಾನೆ. ಅಷ್ಟೂ ಕಾಲ ನೀರು ಹಾಯಿಸುತ್ತಾನೆ, ಎಳೆಯ ಸಸಿಗೆ ಬಿಸಿಲು ತಾಗದಂತೆ ಬಾಳೆಯ ನೆರಳು ಕೊಡುತ್ತಾನೆ. ಅಂತಹವರ ಮಕ್ಕಳು ನೀವು. ಒಂದು ಸೆಮಿಸ್ಟರಿನಲ್ಲಿ ಕೆಲಸ ದೊರೆಯಲಿಲ್ಲವೆಂದು, ಒಂದು ವಿಷಯದಲ್ಲಿ ಅನುತ್ತೀರ್ಣರಾದಿರೆಂದು ಕುಗ್ಗಬೇಡಿರಿ. ಕಷ್ಟ ಬಂದರೆ ಮೊದಲು ಮನೆಗೆ ಹೇಳಿ. ಹೊಟ್ಟೆ ತುಂಬ ಉಣ್ಣಿ, ನಿಯಮಕ್ಕೆ ಒಳಪಟ್ಟು ದುಡಿಯಿರಿ, ಓದಿಗೆ ಹೋದವರು ಓದನ್ನು ಮುಗಿಸಿ. ದುಡಿದು ನಿಂತ ಮೇಲೆ ನಿಮ್ಮ ಊರಿನ ಇನ್ನೊಂದು ಮಗುವಿನ ಒಂದು ತಿಂಗಳ ಬಾಡಿಗೆಯನ್ನಾದರೂ ಹೊತ್ತುಕೊಳ್ಳಿರಿ. ಶಿರಸಂಗಿಯ ದೊರೆಗಳು ಆಸ್ತಿಯಿಂದ ಮಾಡಿದುದನ್ನು ನೀವು ಸಂಬಳದಿಂದ ಮಾಡಬಲ್ಲಿರಿ. ಶರಣರ ಕೃಪೆ ನಿಮ್ಮ ಮೇಲಿರಲಿ.